ಎಂಜಿನ್ನಿಗೆ ಹೆಚ್ಚು ಗಾಳಿ: ಟರ್ಬೊಚಾರ್ಜರೋ, ಸೂಪರ್‌ಚಾರ್ಜರೋ?

ಟಾಟಾ ಸಂಸ್ಥೆಯ ಆಲ್ಟ್ರೋಜ್ ಕಾರು 2020ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಗರಿಷ್ಠ ಸಾಮರ್ಥ್ಯ 86 ಅಶ್ವಶಕ್ತಿ. ಮರುವರ್ಷ ಅದೇ ಕಾರಿನ ಟರ್ಬೊ ಮಾದರಿ ಬಂದಿತು. ಎಂಜಿನ್ನಿನ ಗಾತ್ರ ಅಷ್ಟೇ, ಸಿಲಿಂಡರುಗಳೂ ಮೂರೇ. ಆದರೆ ಸಾಮರ್ಥ್ಯ 110 ಅಶ್ವಶಕ್ತಿ. ಹೆಚ್ಚುವರಿ 24 ಅಶ್ವಶಕ್ತಿ ಎಲ್ಲಿಂದ ಬಂತು?

ಪೆಟ್ರೋಲಿನಿಂದ ಎಂದು ನೀವು ಹೇಳಿದರೆ ತಪ್ಪಲ್ಲ. ಆದರೆ ಪೆಟ್ರೋಲನ್ನು ಹೆಚ್ಚಾಗಿ ಚಿಮ್ಮಿಸುವುದು ಕಷ್ಟದ ಕೆಲಸವಲ್ಲ. ಅದನ್ನು ಉರಿಸಲು ಬೇಕಾದ ಗಾಳಿಯನ್ನು ಸಿಲಿಂಡರಿನೊಳಗೆ ತುಂಬುವುದೇ ಕಷ್ಟ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ಗಾಳಿ ಎಳೆದುಕೊಳ್ಳುತ್ತದೆ. 1.2 ಲೀಟರ್ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿದ್ದು, ಪ್ರತಿ ಸಲವೂ ಪೂರ್ತಿ ತುಂಬುತ್ತದೆ ಎಂದುಕೊಂಡರೆ ನಿಮಿಷಕ್ಕೆ 3600 ಲೀಟರ್ ಗಾಳಿ ಒಳಹೋಗುತ್ತದೆ. ಅದರ ರಾಶಿ ಸುಮಾರು 4.3 ಕಿಲೋಗ್ರಾಂ. ಅಷ್ಟು ಗಾಳಿಯಲ್ಲಿ ಉರಿಯಬಲ್ಲ ಪೆಟ್ರೋಲ್ 290 ಗ್ರಾಂ ಮಾತ್ರ. ಇದಕ್ಕಿಂತ ಹೆಚ್ಚು ಸುರಿದರೆ ಹೊಗೆ ಹೆಚ್ಚೀತೇ ಹೊರತು ಶಕ್ತಿಯಲ್ಲ.

ಹಾಗಾದರೆ ಗಾಳಿಯನ್ನು ಮೊದಲೇ ಒತ್ತಿ, ಸಾಂದ್ರಗೊಳಿಸಿ ಕಳುಹಿಸಬಾರದೇಕೆ? ಈ ಯೋಚನೆ ಹೊಸದಲ್ಲ. ಗಾಟ್ಲೀಬ್ ಡೈಮ್ಲರ್ 1885ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಗಾಳಿ ಒತ್ತುವ ಸಂಪೀಡಕವನ್ನು ಎಂಜಿನ್ನಿನ ಕ್ರ್ಯಾಂಕ್ ದಂಡದಿಂದಲೇ ಬೆಲ್ಟ್ ಅಥವಾ ಗಿಯರುಗಳ ಮೂಲಕ ತಿರುಗಿಸಿದರೆ ಅದು ಸೂಪರ್‌ಚಾರ್ಜರ್. ಹೊರಹೋಗುವ ಬಿಸಿ ಅನಿಲದಿಂದ ಒಂದು ಟರ್ಬೈನನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯಲ್ಲಿ ಸಂಪೀಡಕವನ್ನು ಕೂರಿಸಿದರೆ ಅದು ಟರ್ಬೊಚಾರ್ಜರ್. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಈ ಎರಡನೆಯದಕ್ಕೆ 1905ರಲ್ಲಿ ಪೇಟೆಂಟ್ ಪಡೆದ. ಎರಡರಲ್ಲೂ ಗಾಳಿಗೆ ಆಗುವುದು ಒಂದೇ. ಒತ್ತುವ ಕೆಲಸದ ವೆಚ್ಚವನ್ನು ಯಾರು ಭರಿಸುತ್ತಾರೆ ಎಂಬುದಷ್ಟೇ ವ್ಯತ್ಯಾಸ. ಆಯ್ಕೆಯ ಪ್ರಶ್ನೆ ಇರುವುದೂ ಅಲ್ಲಿಯೇ.

ಮೊದಲು ಆ ವೆಚ್ಚ ಎಷ್ಟೆಂದು ನೋಡೋಣ. ಸೈಕಲ್ ಪಂಪಿನ ತುದಿಯನ್ನು ಬೆರಳಿನಿಂದ ಮುಚ್ಚಿ ನಾಲ್ಕಾರು ಸಲ ಒತ್ತಿ ನೋಡಿ, ಪಂಪು ಬಿಸಿಯಾಗುತ್ತದೆ. 27 ಡಿಗ್ರಿ ಸೆಲ್ಸಿಯಸ್‌ನ ಗಾಳಿಯ ಒತ್ತಡವನ್ನು ಒಂದೂವರೆ ಪಟ್ಟು ಮಾಡಿದರೆ, ಸಂಪೀಡಕದ ದಕ್ಷತೆ ಶೇಕಡಾ 70 ಎಂದಿಟ್ಟುಕೊಂಡಾಗ, ಅದರ ಉಷ್ಣತೆ ಸುಮಾರು 80 ಡಿಗ್ರಿಗೆ ಏರುತ್ತದೆ. ಬಿಸಿಯಾದ ಗಾಳಿ ಹಿಗ್ಗುವುದರಿಂದ ಒತ್ತಡ ಶೇಕಡಾ 50 ಏರಿದರೂ ಸಾಂದ್ರತೆ ಏರುವುದು ಶೇಕಡಾ 27 ಮಾತ್ರ! ಆ ಗಾಳಿಯನ್ನು ಇಂಟರ್‌ಕೂಲರ್ ಎಂಬ ಸಣ್ಣ ರೇಡಿಯೇಟರಿನಲ್ಲಿ ಹಾಯಿಸಿ 50 ಡಿಗ್ರಿಗೆ ಇಳಿಸಿದರೆ ಸಾಂದ್ರತೆಯ ಲಾಭ ಶೇಕಡಾ 39ಕ್ಕೆ ಹೋಗುತ್ತದೆ. ವಿದ್ಯಾರ್ಥಿಗಳು ಆದರ್ಶ ಅನಿಲದ ಸಮೀಕರಣದಿಂದ ಈ ಅಂಕಿಗಳನ್ನು ತಾವೇ ಪಡೆಯಬಹುದು; ಉಷ್ಣತೆಯನ್ನು ಕೆಲ್ವಿನ್‌ಗೆ ಬದಲಿಸಲು ಮರೆಯದಿದ್ದರೆ ಸಾಕು.

ಗಾಳಿಯನ್ನು 53 ಡಿಗ್ರಿಯಷ್ಟು ಬಿಸಿ ಮಾಡಿದ ಶಕ್ತಿ ಎಲ್ಲಿಂದಲೋ ಬರಲೇಬೇಕು. ನಮ್ಮ ಎಂಜಿನ್ ಪೂರ್ತಿ ವೇಗದಲ್ಲಿರುವಾಗ, ಇಂಟರ್‌ಕೂಲರ್ ಇಲ್ಲದಿದ್ದರೂ, ಸೆಕೆಂಡಿಗೆ ಸುಮಾರು 90 ಗ್ರಾಂ ಗಾಳಿ ಹರಿಯುತ್ತದೆ. ಅದನ್ನು ಒತ್ತಲು ಸುಮಾರು 5 ಕಿಲೋವ್ಯಾಟ್, ಅಂದರೆ ಆರೂವರೆ ಅಶ್ವಶಕ್ತಿ ಬೇಕು. ಸೂಪರ್‌ಚಾರ್ಜರ್ ಇದನ್ನು ಚಕ್ರಗಳಿಗೆ ಹೋಗಬೇಕಾದ ಶಕ್ತಿಯಿಂದಲೇ ಕಿತ್ತುಕೊಳ್ಳುತ್ತದೆ. ಗಳಿಕೆ ಇದಕ್ಕಿಂತ ಬಹಳ ಹೆಚ್ಚಾದ್ದರಿಂದ ಒಟ್ಟಾರೆ ಲಾಭವೇ. ಆದರೆ ಕ್ಲಚ್ ಅಥವಾ ಬೈಪಾಸ್ ವ್ಯವಸ್ಥೆ ಇಲ್ಲದಿದ್ದರೆ, ಹೆಚ್ಚುವರಿ ಶಕ್ತಿ ಬೇಡವಾದಾಗಲೂ ಈ ಖರ್ಚು ನಡೆಯುತ್ತಲೇ ಇರುತ್ತದೆ. ಮೈಲೇಜು ನೋಡಿ ಕಾರು ಕೊಳ್ಳುವ ನಮ್ಮ ದೇಶದ ಸಣ್ಣ ಕಾರುಗಳಿಗೆ ಇದು ಒಗ್ಗಲಿಲ್ಲ.

ಇಂಧನದ ಶಕ್ತಿಯಲ್ಲಿ ಸರಿಸುಮಾರು ಮೂರನೆಯ ಒಂದು ಭಾಗ ಬಿಸಿ ಹೊಗೆಯಾಗಿ ಹೊರಹೋಗುತ್ತದೆ. ಟರ್ಬೊಚಾರ್ಜರ್ ಅದರಲ್ಲೊಂದು ಪಾಲನ್ನು ಬಳಸಿಕೊಳ್ಳುತ್ತದೆ. ಇದನ್ನು 'ಪುಕ್ಕಟೆ ಶಕ್ತಿ' ಎಂದು ಹೇಳುವವರಿದ್ದಾರೆ. ಆ ಮಾತು ಪೂರ್ತಿ ನಿಜವಲ್ಲ. ಹೊಗೆಯ ದಾರಿಗೆ ಟರ್ಬೈನ್ ಅಡ್ಡ ನಿಂತಾಗ ಅಲ್ಲಿ ಒತ್ತಡ ಏರುತ್ತದೆ. ಅದರ ಎದುರು ಪಿಸ್ಟನ್ ಹೆಚ್ಚು ಬಲ ಹಾಕಿ ಹೊಗೆಯನ್ನು ನೂಕಬೇಕಾಗುತ್ತದೆ. ಪುಕ್ಕಟೆಯಲ್ಲ, ಅಗ್ಗ ಎನ್ನುವುದು ಸರಿ.

ಇನ್ನೊಂದು ತೊಡಕು ಕಾಲದ್ದು. ಟರ್ಬೈನ್ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗಬೇಕು. ನಿಧಾನವಾಗಿ ಸಾಗುತ್ತಿದ್ದ ಕಾರಿನಲ್ಲಿ ನೀವು ಥಟ್ಟನೆ ಆಕ್ಸಿಲರೇಟರ್ ತುಳಿದರೆ ಮೊದಲು ಹೊಗೆ ಹೆಚ್ಚಬೇಕು, ಆಮೇಲೆ ಟರ್ಬೈನ್ ವೇಗ ಪಡೆಯಬೇಕು, ಆನಂತರ ಗಾಳಿ ಬರಬೇಕು. ಈ ತಡವನ್ನೇ ಟರ್ಬೊ ಲ್ಯಾಗ್ ಎನ್ನುವುದು. ಸೂಪರ್‌ಚಾರ್ಜರಿನಲ್ಲಿ ಈ ಕಾಯುವಿಕೆ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಆಕಾರದ, ಒಂದೇ ಲೋಹದ ಚಕ್ರಗಳಲ್ಲಿ ಜಡತ್ವದ ಮಹತ್ವ ವ್ಯಾಸದ ಐದನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ವ್ಯಾಸ ಅರ್ಧವಾದರೆ ಅದು 32ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಇಂದಿನ ಸಣ್ಣ ಎಂಜಿನ್ನುಗಳ ಪುಟ್ಟ ಟರ್ಬೊಗಳಲ್ಲಿ ಲ್ಯಾಗ್ ಅಷ್ಟಾಗಿ ಕಾಣದಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಎತ್ತರದ ಪ್ರದೇಶಕ್ಕೆ ಹೋದಾಗ ಇವೆರಡರ ನಡುವಿನ ಅಂತರ ಸ್ಪಷ್ಟವಾಗುತ್ತದೆ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್, ಲಿಬರ್ಟಿ ವಿಮಾನ ಎಂಜಿನ್ನೊಂದನ್ನು ಸುಮಾರು 4300 ಮೀಟರ್ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಒಯ್ದ. ಸಮುದ್ರಮಟ್ಟದಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಅಲ್ಲಿ 230ಕ್ಕೆ ಇಳಿಯಿತು; ಟರ್ಬೊ ಜೋಡಿಸಿದಾಗ 356ಕ್ಕೆ ಏರಿತು. ನಮ್ಮ ಲಡಾಖಿನ ಖರ್ದುಂಗ್ ಲಾ ಕಣಿವೆಮಾರ್ಗ 5300 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ವಾಯುಭಾರ ಸಮುದ್ರಮಟ್ಟದ ಅರ್ಧದಷ್ಟು. ಒಂದೂವರೆ ಪಟ್ಟು ಒತ್ತುವಂತೆ ಬೆಲ್ಟಿಗೆ ಕಟ್ಟಿದ ಸೂಪರ್‌ಚಾರ್ಜರ್ ಅಲ್ಲಿ ಹೆಚ್ಚೆಂದರೆ ಮುಕ್ಕಾಲು ವಾಯುಭಾರ ಕೊಟ್ಟೀತು. ಟರ್ಬೊಗೆ ಅಂಥ ಕಟ್ಟಿಲ್ಲ. ಹೆಚ್ಚಾದ ಹೊಗೆಯನ್ನು ಪಕ್ಕಕ್ಕೆ ಬಿಡುವ ಅದರ ಕವಾಟವನ್ನು ಮುಚ್ಚಿಕೊಂಡರೆ ಟರ್ಬೈನ್ ಇನ್ನೂ ವೇಗವಾಗಿ ತಿರುಗಿ, ತನ್ನ ವೇಗದ ಮಿತಿಯವರೆಗೆ, ಕೊರತೆಯನ್ನು ತುಂಬಿಕೊಡುತ್ತದೆ. ಘಟ್ಟ ಹತ್ತುವ ಡೀಸೆಲ್ ಲಾರಿ, ಬಸ್ಸುಗಳಿಗೆ ಟರ್ಬೊ ಇಷ್ಟು ಹೊಂದಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ತುಳಿದ ಕ್ಷಣವೇ ಜಿಗಿಯಬೇಕು, ಇಂಧನದ ಚಿಂತೆ ಇಲ್ಲ ಎನ್ನುವ ದೊಡ್ಡ ಎಂಜಿನ್ನಿಗೆ ಸೂಪರ್‌ಚಾರ್ಜರ್. ಉಳಿದ ಬಹುಪಾಲು ಕಾರುಗಳಿಗೆ ಟರ್ಬೊ ಎಂಬುದು ನನ್ನ ಅಭಿಪ್ರಾಯ. ಎರಡನ್ನೂ ಸೇರಿಸಿ ನೋಡಿದವರೂ ಇದ್ದಾರೆ. ಫೋಕ್ಸ್‌ವ್ಯಾಗನ್ 2005ರಲ್ಲಿ 1.4 ಲೀಟರ್ ಎಂಜಿನ್ನಿಗೆ ಎರಡನ್ನೂ ಕೂರಿಸಿ 170 ಅಶ್ವಶಕ್ತಿ ಪಡೆಯಿತು. ಕೆಳವೇಗದಲ್ಲಿ ಸೂಪರ್‌ಚಾರ್ಜರ್, 3500 ಸುತ್ತು ದಾಟಿದ ಮೇಲೆ ಟರ್ಬೊ ಒಂದೇ. ಜಾಣತನದ ಏರ್ಪಾಡು, ಆದರೆ ತೊಡಕಿನದು. ಮುಂದೆ ಆ ಸಂಸ್ಥೆಯೇ ಅದನ್ನು ಕೈಬಿಟ್ಟಿತು. 2016ರಲ್ಲಿ ಆಡಿ ತನ್ನ ಒಂದು ಡೀಸೆಲ್ ಕಾರಿನಲ್ಲಿ ಟರ್ಬೊಗಳ ಜೊತೆಗೆ 48 ವೋಲ್ಟಿನ ವಿದ್ಯುತ್ ಸಂಪೀಡಕವನ್ನಿಟ್ಟು ಲ್ಯಾಗ್ ನೀಗಿಸಿತು.

ಇರುವ ಕಾರಿಗೆ ಗ್ಯಾರೇಜಿನಲ್ಲಿ ಇವುಗಳಲ್ಲೊಂದನ್ನು ಹಾಕಿಸಬಹುದೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಬೇಡ ಎಂದೇ ಹೇಳಿ. ಒತ್ತಿದ ಬಿಸಿ ಗಾಳಿಯೊಡನೆ ಪೆಟ್ರೋಲ್ ಅಕಾಲದಲ್ಲಿ ಸಿಡಿಯುವುದುಂಟು. 'ನಾಕಿಂಗ್' ಎಂಬ ಈ ಕುಟ್ಟುವಿಕೆ ಪಿಸ್ಟನ್ನನ್ನೇ ತೂತು ಮಾಡಬಲ್ಲದು. ಅದನ್ನು ತಡೆಯಲು ತಯಾರಕರು ಸಂಪೀಡನ ಅನುಪಾತ, ಪಿಸ್ಟನ್, ತಂಪುವ್ಯವಸ್ಥೆ ಎಲ್ಲವನ್ನೂ ಮೊದಲೇ ಬದಲಿಸಿರುತ್ತಾರೆ. ಮೇಲಾಗಿ, ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿಷೇಧಿಸುತ್ತದೆ.

ಟರ್ಬೊ ಇರುವ ಕಾರು ಈಗಾಗಲೇ ನಿಮ್ಮಲ್ಲಿದ್ದರೆ, ಘಟ್ಟ ಹತ್ತಿ ನಿಲ್ಲಿಸಿದ ಕೂಡಲೇ ಎಂಜಿನ್ ಆರಿಸಬೇಡಿ. ಟರ್ಬೈನ್ ದಂಡ ತೇಲುವುದು ಎಣ್ಣೆಯ ತೆಳುಪದರದ ಮೇಲೆ. ಎಂಜಿನ್ ನಿಂತರೆ ಎಣ್ಣೆಯ ಹರಿವೂ ನಿಲ್ಲುತ್ತದೆ. ಕಾದ ಬೇರಿಂಗಿನಲ್ಲಿ ಉಳಿದ ಎಣ್ಣೆ ಸುಟ್ಟು ಕರಿಗಟ್ಟುತ್ತದೆ. ನೀರಿನಿಂದ ತಂಪಾಗುವ ಹೊಸ ಟರ್ಬೊಗಳಲ್ಲಿ ಈ ಅಪಾಯ ಕಡಿಮೆ. ಆದರೂ ಒಂದು ನಿಮಿಷ ಎಂಜಿನ್ ತಣ್ಣಗೆ ತಿರುಗುತ್ತಿರಲಿ.