ಪಾಲು ಮಾಡದೆ ಉಳಿದ ಡಿಸ್ಕು

1990ರ ದಶಕದ ಲಿನಕ್ಸ್‌ನಲ್ಲಿ ಡಿಸ್ಕಿನ ಪಾರ್ಟಿಷನ್ ಎಂದರೆ ಅಣ್ಣತಮ್ಮಂದಿರ ಪಾಲಿನಷ್ಟೇ ಗಟ್ಟಿ. ಬಳಕೆದಾರರ ಕಡತಗಳಿದ್ದ ಪಾಲು ತುಂಬಿ ತುಳುಕುತ್ತಿದ್ದರೂ ಪಕ್ಕದ ಪಾಲಿನ ಖಾಲಿ ಜಾಗವನ್ನು ಮುಟ್ಟುವಂತಿರಲಿಲ್ಲ. ರಾತ್ರಿಯಿಡೀ ಕೂತು ಎಲ್ಲವನ್ನೂ ಟೇಪಿಗೆ ಇಳಿಸಿ, ಡಿಸ್ಕು ಅಳಿಸಿ, ಹೊಸ ಗೆರೆ ಎಳೆದು ಮತ್ತೆ ತುಂಬಬೇಕಿತ್ತು. ಟೇಪು ಕೈಕೊಟ್ಟರೆ ದೇವರೇ ಗತಿ.

ಐಬಿಎಂ, ಎಚ್‌ಪಿಗಳ ದುಬಾರಿ ಯುನಿಕ್ಸ್‌ಗಳಲ್ಲಿ ಈ ಗೋಳಿರಲಿಲ್ಲ. ಎಚ್‌ಪಿಯ ವಿನ್ಯಾಸವನ್ನೇ ಮಾದರಿಯಾಗಿಟ್ಟುಕೊಂಡು ಜರ್ಮನಿಯ ಹೈನ್ಸ್ ಮೌವೆಲ್ಸ್‌ಹಾಗನ್ 1998ರ ಹೊತ್ತಿಗೆ ಲಿನಕ್ಸ್‌ಗೆ ಎಲ್‌ವಿಎಂ ಬರೆದರು. ಡಿಸ್ಕುಗಳನ್ನೆಲ್ಲ 4 ಎಂಬಿಯ ತುಂಡುಗಳಾಗಿ ಕತ್ತರಿಸಿ ಒಂದೇ ರಾಶಿಗೆ ಸುರಿದು, ಬೇಕಾದವರಿಗೆ ಬೇಕಾದಷ್ಟು ಅಳೆದುಕೊಡುವ ಏರ್ಪಾಡು ಅದು. 2001ರ ಜನವರಿಯಲ್ಲಿ ಹೊರಬಂದ 2.4 ಕರ್ನಲ್‌ನೊಳಗೇ, ಅಂದರೆ ಲಿನಕ್ಸ್‌ನ ತಿರುಳಿನೊಳಗೇ, ಅದಕ್ಕೆ ಜಾಗ ಸಿಕ್ಕಿತು.

ಆ ಸಂಭ್ರಮ ವರ್ಷ ತುಂಬುವವರೆಗೂ ಬಾಳಲಿಲ್ಲ. ಮುಂದಿನ 2.5 ಸರಣಿಯ ಆರಂಭದಲ್ಲೇ ಡಿಸ್ಕಿನೊಂದಿಗೆ ಮಾತಾಡುವ ಪದರವನ್ನು ಬುಡಮಟ್ಟ ಬದಲಿಸಲಾಯಿತು. ಎಲ್‌ವಿಎಂ ಕಂಪೈಲ್ ಕೂಡ ಆಗದೆ ಮೂಲೆಗೆ ಬಿತ್ತು.

ತೇಪೆ ಹಾಕಬಹುದಿತ್ತು. ಮೌವೆಲ್ಸ್‌ಹಾಗನ್ ಇದ್ದ ಸಿಸ್ಟಿನಾ ಕಂಪನಿಯ ಜೋ ಥಾರ್ನ್‌ಬರ್ ಮತ್ತು ಸಂಗಡಿಗರು ಆ ದಾರಿ ಹಿಡಿಯಲಿಲ್ಲ. ಹಳೆಯದನ್ನು ಪಕ್ಕಕ್ಕಿಟ್ಟು ಡಿವೈಸ್ ಮ್ಯಾಪರ್ ಎಂಬ ಪುಟ್ಟ ತುಣುಕನ್ನು ಹೊಸದಾಗಿ ಬರೆದರು. ಅತ್ತ ಐಬಿಎಂ ತಂಡ ಇದೇ ಕೆಲಸಕ್ಕೆ ಇವಿಎಂಎಸ್ ಎಂಬ ಭಾರೀ ವ್ಯವಸ್ಥೆಯನ್ನು ಕಟ್ಟಿಕೊಂಡು ಕರ್ನಲ್‌ನ ಬಾಗಿಲಲ್ಲಿ ನಿಂತಿತ್ತು. ಅದರ ಬತ್ತಳಿಕೆಯಲ್ಲಿ ಇಲ್ಲದ ಸೌಲಭ್ಯವೇ ಇರಲಿಲ್ಲ ಎನ್ನಬೇಕು.

ಹೊಸ ಸೌಲಭ್ಯಗಳಿಗೆ ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಇಟ್ಟಿದ್ದ ಗಡುವು 2002ರ ಅಕ್ಟೋಬರ್ 31. ಅದು ಮುಗಿಯುವ ಹೊಸ್ತಿಲಲ್ಲಿ ಕರ್ನಲ್‌ನೊಳಕ್ಕೆ ಬಂದದ್ದು ಡಿವೈಸ್ ಮ್ಯಾಪರ್. ಐಬಿಎಂ ತಂಡದ ಮುಂದೆ ಬಾಗಿಲು ಮುಚ್ಚಿತು.

ಜಗಳಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕಿರಲಿಲ್ಲ. ಆದರೆ ಒಂದು ವಾರದೊಳಗೆ ಇವಿಎಂಎಸ್‌ನ ಕೆವಿನ್ ಕೋರಿ ಪತ್ರ ಬರೆದರು: ತಮ್ಮ ಕರ್ನಲ್ ಭಾಗವನ್ನು ಕೈಬಿಟ್ಟು, ಉಳಿದ ಸಲಕರಣೆಗಳನ್ನು ಎದುರಾಳಿಯ ಡಿವೈಸ್ ಮ್ಯಾಪರ್ ಮೇಲೆಯೇ ನಿಲ್ಲಿಸುತ್ತೇವೆ. ಕಷ್ಟಪಟ್ಟು ಬರೆದ ಕೋಡನ್ನು ತಾವೇ ಕೈಯಾರೆ ಬದಿಗಿಡುವುದು ಈ ಕಸುಬಿನಲ್ಲಿ ಅಪರೂಪ.

ಗೆದ್ದದ್ದರ ಗುಟ್ಟು ಚಿಕ್ಕದು. ಡಿವೈಸ್ ಮ್ಯಾಪರ್‌ಗೆ ವಾಲ್ಯೂಮ್, ಅಂದರೆ ರಾಶಿಯಿಂದ ಅಳೆದುಕೊಟ್ಟ ಪಾಲು, ಏನೆಂದೇ ತಿಳಿಯದು. ಆ ಜಾಣತನವೆಲ್ಲ ಕರ್ನಲ್‌ನ ಹೊರಗೆ, ಎಲ್‌ವಿಎಂನ ಹೊಸ ರೂಪವಾದ ಎಲ್‌ವಿಎಂ2ರ ಪಾಲಿಗೆ. ಒಳಗಿರುವುದು ಪಹಣಿಯಂಥ ಒಂದು ಪಟ್ಟಿ ಮಾತ್ರ: ಸೊನ್ನೆಯಿಂದ 8192 ಸೆಕ್ಟರು, ಎರಡನೇ ಡಿಸ್ಕಿನ 2048ನೇ ಸೆಕ್ಟರಿನಿಂದ. ಅಷ್ಟಕ್ಕೆ ಒಂದು 4 ಎಂಬಿ ತುಂಡು. ಜಾಗ ಸಾಲದಾಯಿತೇ? ಹೊಸ ಡಿಸ್ಕು ಸಿಕ್ಕಿಸಿ, ಪಟ್ಟಿಗೆ ಇನ್ನೊಂದು ಸಾಲು ಸೇರಿಸಿದರಾಯಿತು. ಹಳೆಯ ಸಾಲುಗಳು ಇದ್ದಲ್ಲೇ ಇರುತ್ತವೆ.