ನುಚ್ಚಿನ ಗಂಜಿಗೆ ಚೀಸ್ ಹಾಕಬಹುದಾ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ)

ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರಿಗೆ ಗಂಜಿ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಕೊಂಕಣಿ ಮಾತಾಡೋ ಮನೆಗಳಲ್ಲಿ ಅದೇ ಪೇಜ್. ಆದರೆ ನುಚ್ಚಿನ ಗಂಜಿ ಅಂದ್ರೆ ಮಾತ್ರ ಮಕ್ಕಳು ಮೂಗು ಮುರೀತಾರೆ. ಅದು ಜ್ವರ ಬಂದವರಿಗೆ, ಇಲ್ಲಾ ಕೋಳಿಗೆ ಅಂತ ಲೆಕ್ಕ. ಅದೇ ಮಕ್ಕಳು ಮೊಬೈಲ್‌ನಲ್ಲಿ ‘ಗ್ರಿಟ್ಸ್’ ವಿಡಿಯೊ ನೋಡಿ ಬಾಯಲ್ಲಿ ನೀರೂರಿಸ್ತಾರೆ!

ಏನಿದು ಗ್ರಿಟ್ಸ್? ಅಮೆರಿಕದ ದಕ್ಷಿಣದ ರಾಜ್ಯಗಳ ಬೆಳಗಿನ ತಿಂಡಿ. ಒಣ ಮೆಕ್ಕೆಜೋಳವನ್ನು ತರಿತರಿಯಾಗಿ ಬೀಸಿ, ಸಣ್ಣ ಉರಿಯಲ್ಲಿ ಬೇಯಿಸಿ, ಬೆಣ್ಣೆ, ಚೀಸ್ ಸೇರಿಸ್ತಾರೆ. ದಕ್ಷಿಣ ಕೆರೊಲಿನಾದ ಕರಾವಳಿಯಲ್ಲಿ ಇದರ ಜೊತೆ ಸಿಗಡಿನೂ ಇರುತ್ತೆ. ಅಲ್ಲೇ ‘ರೈಸ್ ಗ್ರಿಟ್ಸ್’ ಅಂತ ಇನ್ನೊಂದಿದೆ. ಆಫ್ರಿಕಾದಿಂದ ಗುಲಾಮರಾಗಿ ತಂದ ಜನ ಅಲ್ಲಿ ಭತ್ತ ಬೆಳೀತಿದ್ದರು. ಇಡೀ ಅಕ್ಕಿ ಮಾರಾಟಕ್ಕೆ ಹೋಗ್ತಿತ್ತು, ಒಡೆದ ಅಕ್ಕಿ ಊರಲ್ಲಿ ಉಳೀತಿತ್ತು. ಅಂದ್ರೆ, ನಮ್ಮ ನುಚ್ಚೇ ಅದು!

ಈಗ ಮಾಡೋದು ನೋಡೋಣ. ಒಂದು ಲೋಟ ನುಚ್ಚನ್ನು ತೊಳೆದು, ತೇಲುವ ಹೊಟ್ಟು ಚೆಲ್ಲಿ. ಐದು ಲೋಟ ತಣ್ಣೀರಿಗೆ ನುಚ್ಚು ಹಾಕಿಯೇ ಒಲೆ ಹಚ್ಚಿ. ಕುದಿಯೋ ನೀರಿಗೆ ಒಮ್ಮೆಲೇ ಸುರಿದ್ರೆ ಹೊರಗಡೆ ಬೆಂದು ಗಂಟಾಗುತ್ತೆ, ಒಳಗೆ ಹಸಿ ಉಳಿಯುತ್ತೆ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಆಗಾಗ ಕೈಯಾಡಿಸ್ತಾ ಸುಮಾರು 25 ನಿಮಿಷ ಬೇಯಿಸಿ. ಕುಚ್ಚಲಕ್ಕಿ ನುಚ್ಚಾದ್ರೆ ಇನ್ನಷ್ಟು ಹೊತ್ತು ಬೇಕು. ಗಟ್ಟಿ ಅನಿಸಿದ್ರೆ ಬಿಸಿನೀರು ಸೇರಿಸಿ. ಇಲ್ಲಿ ಅವಸರ ಮಾಡಿದ್ರೆ ಕೆಟ್ಟಿತು ಅಂತಲೇ.

ಚೀಸ್ ಹಾಕೋದಾದ್ರೆ ಒಲೆ ಆರಿಸಿದ ಮೇಲೆ ತುರಿದು ಹಾಕಿ. ಕುದಿಯುವಾಗ ಹಾಕಿದ್ರೆ ಎಣ್ಣೆ ಬಿಟ್ಟು ಅಂಟಂಟಾಗುತ್ತೆ. ತೆಂಗಿನಕಾಯಿಯ ಮೊದಲ ಹಾಲನ್ನು ನಮ್ಮಲ್ಲಿ ಕೊನೆಗೆ ಹಾಕೋದೂ ಅದು ಒಡೀಬಾರದು ಅಂತಲೇ ಅಲ್ವಾ? ಚೀಸ್‌ನಲ್ಲಿ ಉಪ್ಪಿರುತ್ತೆ, ಹಾಗಾಗಿ ಗಂಜಿಗೆ ಉಪ್ಪು ಕಡಿಮೆ ಇರಲಿ. ಚೀಸ್ ಬೇಡ ಅಂದ್ರೆ ಕಾಯಿಹಾಲೇ ಸಾಕು.

ಸೊಪ್ಪಿಗೆ ಪೇಟೆಗೆ ಹೋಗಬೇಕಿಲ್ಲ. ಹಿತ್ತಲ ದೊಡ್ಡಪತ್ರೆಯ ಘಮ ಪಿಜ್ಜಾ ಮೇಲೆ ಉದುರಿಸೋ ಓರೆಗಾನೊಗೆ ಹತ್ತಿರ, ಚೀಸಿಗೆ ಚೆನ್ನಾಗಿ ಹೊಂದುತ್ತೆ. ನಾಲ್ಕು ಎಲೆ ಹೆಚ್ಚಿ, ಜೀರಿಗೆ, ಹಸಿಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ ಮೇಲೆ ಹಾಕಿ. ಬೇಸಿಗೆಯಲ್ಲಿ ಹೆದ್ದಾರಿ ಬದಿ ಗೊಂಚಲು ಕಟ್ಟಿ ಮಾರ್ತಾರಲ್ಲ, ಆ ಕುಮಟಾದ ಸಿಹಿ ಈರುಳ್ಳಿ ಸಿಕ್ಕಿದ್ರೆ ಅದನ್ನೂ ಹುರಿದು ಸೇರಿಸಿ.

ಕೊನೆಗೆ ಅಕ್ಕಿಯ ಮಾತು. ಕುಮಟಾ ತಾಲೂಕಿನ ಮಾಣಿಕಟ್ಟಾ ಸುತ್ತ, ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗ ಅನ್ನೋ ಭತ್ತ ಬೆಳೀತಾರೆ. ಉಪ್ಪುನೀರು ನುಗ್ಗಿದರೂ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ತಡೆಯೋ ತಳಿ ಇದು. ಗೊಬ್ಬರ, ಔಷಧ ಕೇಳೋದಿಲ್ಲ. ಆದರೆ ಒಡ್ಡು ಒಡೆದು, ಸಿಗಡಿ ಕೃಷಿ ಬಂದು, ಕಗ್ಗ ಬೆಳೆಯೋ ಜಾಗ ಕಡಿಮೆ ಆಗ್ತಾ ಬಂದಿದೆ. ತಿನ್ನೋರು ಕೇಳಿದ್ರೆ ತಾನೇ ಬೆಳೆಯೋರು ಉಳಿಯೋದು? ಸಿಕ್ಕರೆ ಕಗ್ಗದ ನುಚ್ಚನ್ನೇ ತನ್ನಿ. ಹೆಸರು ಗ್ರಿಟ್ಸ್ ಅಂತಾದರೂ ಇಡಿ, ಗಂಜಿ ಅಂತಾದರೂ ಇಡಿ, ಮಕ್ಕಳ ಬಟ್ಟಲು ಖಾಲಿ ಆದ್ರೆ ಸರಿ.