ಮಳೆಗಾಲದಲ್ಲಿ ರೇಯಾನ್ ಉಡುಪು

ರೇಷ್ಮೆಯಂತೆ ಹೊಳೆಯುವ ರೇಯಾನನ್ನು ನೈಲಾನ್ ಜಾತಿಗೆ ಸೇರಿಸಬೇಡಿ. ಅದರ ಮೂಲ ಸಸ್ಯಗಳ ಸೆಲ್ಯುಲೋಸ್. ಹತ್ತಿಬೀಜಕ್ಕೆ ಅಂಟಿ ಉಳಿದ ಗಿಡ್ಡ ನಾರನ್ನು ತಾಮ್ರ ಮತ್ತು ಅಮೋನಿಯಾ ದ್ರಾವಣದಲ್ಲಿ ಕರಗಿಸಿ ಮತ್ತೆ ಎಳೆ ತೆಗೆದರೆ ಕೋಟಿನ ಅಸ್ತರಿಗೆ ಬಳಸುವ ಕ್ಯುಪ್ರೊ. ಮರದ ತಿರುಳಿನಿಂದಾದದ್ದು ವಿಸ್ಕೋಸ್. ಈ ತಿರುಳು ಹರಿಹರದ ಬಳಿಯ ಕುಮಾರಪಟ್ಟಣದಲ್ಲೇ ತಯಾರಾಗುತ್ತದೆ.

ಹತ್ತಿಗಿಂತ ಹೆಚ್ಚು ಬೆವರು ಹೀರುವುದರಿಂದ ಸೆಕೆಗೆ ಹಿತ. ಆದರೆ ಅರಬೈಲ್ ಘಟ್ಟದ ಮಳೆಗಾಲದಲ್ಲಿ ಈ ಗುಣವೇ ತೊಡಕು: ಹೀರಿದ ನೀರು ಬೇಗ ಆರದು. ಅರೆಒದ್ದೆ ಬಟ್ಟೆ ಸೊಂಟ, ತೊಡೆಸಂದಿಗೆ ಅಂಟಿಕೊಂಡಿದ್ದರೆ ಹುಳುಕಡ್ಡಿಗೆ ಅನುಕೂಲ. ಪೂರ್ತಿ ಒಣಗಿದ್ದನ್ನೇ ತೊಡಿ. ತುರಿಕೆ ಶುರುವಾದರೆ ಅಂಗಡಿಯಿಂದ ತಂದ ಸ್ಟೀರಾಯ್ಡ್ ಮುಲಾಮು ಬೇಡ, ರೋಗ ಹಬ್ಬುತ್ತದೆ, ವೈದ್ಯರಿಗೆ ತೋರಿಸಿ.

ಒದ್ದೆ ವಿಸ್ಕೋಸಿನ ಬಲ ಸುಮಾರು ಅರ್ಧಕ್ಕಿಳಿಯುತ್ತದೆ, ತಿರುಚಿ ಹಿಂಡಬೇಡಿ. ಬಚ್ಚಲ ಒಲೆಯ ಮೇಲೆ ಒಣಹಾಕುವವರು ಗಮನಿಸಿ: ರೇಯಾನ್ ಕೂಡ ಹತ್ತಿಯಂತೆಯೇ ಭಗ್ಗನೆ ಉರಿಯುತ್ತದೆ.